ಮಳೆಗಾಲದ ಊಟದ ಬಿಡುವು: ನಮ್ಮೂರ ಸರ್ಕಾರಿ ಶಾಲೆಗೆ ನಾನು ಕೊಡುವ ಅಂಕ

ಪುನರ್ವಸು ಮಳೆ ಹಿಡಿಯಿತೆಂದರೆ ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೂ ದೀಪ ಹಚ್ಚಬೇಕು. ಆಗುಂಬೆ ಕಡೆಗಂತೂ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನ ಮಕ್ಕಳು ಮನೆಯಲ್ಲಿರುತ್ತಾರೆ. ರಜೆ ಇಲ್ಲದ ಅಷ್ಟೂ ಮಳೆಯ ದಿನಗಳಲ್ಲಿ, ಅಂಗಳಕ್ಕೆ ಇಳಿಯಲಾಗದ ಆರು ವರ್ಷದ ಮಗು ಊಟದ ಹೊತ್ತಿನಲ್ಲಿ ಎಲ್ಲಿರುತ್ತದೆ, ಯಾರು ನೋಡಿಕೊಳ್ಳುತ್ತಾರೆ? ಮಗಳನ್ನು ಮೊದಲ ಸಲ ಶಾಲೆಗೆ ಸೇರಿಸುವಾಗ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಈಗ ಯಾರಾದರೂ ಶಾಲೆ ಹುಡುಕುತ್ತಿದ್ದರೆ ಮೊದಲು ಇದನ್ನು ಕೇಳಿ ಎನ್ನುತ್ತೇನೆ.

ಅವಳು ಯುಕೆಜಿ ಮತ್ತು ಒಂದನೇ ತರಗತಿ ಓದಿದ್ದು ಪೇಟೆಯ ಒಂದು ಖಾಸಗಿ ಶಾಲೆಯಲ್ಲಿ. ಚೆಂದದ ಕಟ್ಟಡ, ಹೊಳೆಯುವ ಟೈಲ್ಸ್ ನೆಲ. ಮಳೆ ಬಂದರೆ ಮಕ್ಕಳು ಬೆಂಚಿನಲ್ಲೇ ಡಬ್ಬಿ ಬಿಚ್ಚಿ ಉಂಡು, ಗಂಟೆ ಹೊಡೆಯುವವರೆಗೆ ಬಾಯಿ ಮೇಲೆ ಬೆರಳಿಟ್ಟು ಕೂರಬೇಕಿತ್ತು. ನಾಲ್ಕು ಕೋಣೆಗೆ ಒಬ್ಬರೇ ಆಯಾ. ಅವರು ಒಂದು ಕೋಣೆಯಲ್ಲಿ ಚೆಲ್ಲಿದ ಅನ್ನ ಬಳಿಯುತ್ತಿದ್ದಾಗ ಇವಳು ನೀರಿನ ಬಾಟಲಿ ತುಂಬಲು ಹೊರಗೆ ಹೋಗಿದ್ದಾಳೆ. ಸಾಲಾಗಿ ಒರಗಿಸಿಟ್ಟ ಕೊಡೆಗಳಿಂದ ತೊಟ್ಟಿಕ್ಕಿ ನಿಂತಿದ್ದ ನೀರಿನ ಮೇಲೆ ಕಾಲಿಟ್ಟು ಜಾರಿ ಬಿದ್ದಿದ್ದಾಳೆ. ಗದ್ದಕ್ಕೆ ಮೂರು ಹೊಲಿಗೆ ಬಿತ್ತು. ಹೇಗೆ ಬಿದ್ದಳೆಂದು ನನಗೆ ಹೇಳಿದ್ದು ಅವಳ ಪಕ್ಕ ಕೂರುವ ಹುಡುಗಿ. ದೊಡ್ಡವರು ಯಾರೂ ನೋಡಿರಲಿಲ್ಲ. ಹೊಲಿಗೆ ಹಾಕಿಸುವಾಗ ತಡೆದುಕೊಂಡಿದ್ದ ಅಳು ನನಗೆ ಆ ಮಾತು ಕೇಳಿದಾಗ ಬಂತು. ಆಯಾ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ಅವರೊಬ್ಬರನ್ನೇ ನಾಲ್ಕು ಕೋಣೆಗೆ ಬಿಟ್ಟವರ ಮೇಲೆ ಇದೆ.

ಎರಡನೇ ತರಗತಿಗೆ ಅವಳನ್ನು ನಮ್ಮೂರ ಸರ್ಕಾರಿ ಶಾಲೆಗೆ ಹಾಕಿದೆವು. ಒಂದರಿಂದ ಏಳರವರೆಗೆ ಅರವತ್ತೆರಡು ಮಕ್ಕಳು, ಮೂವರು ಶಿಕ್ಷಕರು, ಬಿಸಿಯೂಟಕ್ಕೆ ಇಬ್ಬರು ಅಡುಗೆಯವರು. ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಸದಸ್ಯೆಯಾದ ಮೇಲೆ ಪ್ರತಿ ಬುಧವಾರ ಊಟದ ಹೊತ್ತಿಗೆ ನಾನೂ ಹೋಗುತ್ತೇನೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದೆಲ್ಲ ಕಣ್ಣಾರೆ ಕಂಡದ್ದು.

ಅಡುಗೆ ಕೋಣೆ ಶಾಲೆಯ ಕಟ್ಟಡಕ್ಕೆ ಅಂಟಿಕೊಂಡಿಲ್ಲ, ನಡುವೆ ಹದಿನೈದು ಹೆಜ್ಜೆ ಅಂಗಳವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಅಡುಗೆ ಕೋಣೆ ಇರಬೇಕೆಂದು ಬರೆದಿದೆ, ಆಟದ ಮೈದಾನ ಇರಬೇಕೆಂದೂ ಬರೆದಿದೆ. ಮಕ್ಕಳು ಕೂತು ಉಣ್ಣುವ ಕೋಣೆಯ ಮಾತು ಅಲ್ಲಿಲ್ಲ. ಮಲೆನಾಡಿನ ಶಾಲೆಗಳಿಗೆ ಜಗಲಿಯೇ ಊಟದ ಮನೆ. ಕುದಿಯುವ ಸಾಂಬಾರಿನ ಪಾತ್ರೆ ಆ ಹದಿನೈದು ಹೆಜ್ಜೆ ದಾಟಿ, ಒದ್ದೆ ಮೆಟ್ಟಿಲು ಹತ್ತಿ ಜಗಲಿಗೆ ಬರಬೇಕು. ನನ್ನ ಲೆಕ್ಕದಲ್ಲಿ ಇಡೀ ಬಿಡುವಿನಲ್ಲಿ ಇದಕ್ಕಿಂತ ಅಪಾಯದ ಗಳಿಗೆ ಇನ್ನೊಂದಿಲ್ಲ. ಇಲ್ಲಿ ಪಾತ್ರೆಯನ್ನು ಅಡುಗೆಯವರಿಬ್ಬರೇ ಕಿವಿ ಹಿಡಿದು ತರುತ್ತಾರೆ, ದೊಡ್ಡ ತರಗತಿಯ ಮಕ್ಕಳ ಕೈಗೂ ಕೊಡುವುದಿಲ್ಲ. ಪಾತ್ರೆ ಗೋಡೆ ಬದಿಯ ಮಣೆ ಮೇಲೆ ಕೂತು ಮುಚ್ಚಳ ಬಿದ್ದ ಸದ್ದು ಕೇಳಿದ ಮೇಲಷ್ಟೇ ತರಗತಿಯ ಬಾಗಿಲು ತೆರೆಯುತ್ತದೆ.

ಇನ್ನು ತಟ್ಟೆ ತೊಳೆಯುವ ಜಾಗ. ನಲ್ಲಿಗಳಿರುವುದು ಜಗಲಿಯ ತುದಿಯಲ್ಲಿ, ಅರ್ಧ ಸೂರಿನ ಹೊರಗೆ. ಜುಲೈ ಹೊತ್ತಿಗೆ ಅಲ್ಲಿನ ಸಿಮೆಂಟು ಪಾಚಿಗಟ್ಟಿ ಹಸಿರಾಗುತ್ತದೆ. ಉಂಡ ಮಕ್ಕಳೆಲ್ಲ ಒಟ್ಟಿಗೆ ನುಗ್ಗುವುದೂ ಅಲ್ಲಿಗೇ. ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿ-ಕಲಿ ಟೀಚರ್ ತಾವು ಉಣ್ಣುವ ಮೊದಲು ಅಲ್ಲಿ ಹೋಗಿ ನಿಲ್ಲುತ್ತಾರೆ. ತರಗತಿಯಲ್ಲಿ ನಿಂತರೆ ಮೈ ಒದ್ದೆಯಾಗುವುದಿಲ್ಲ, ಆದರೂ ಅವರು ನಿಲ್ಲುವುದು ಇಲ್ಲೇ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದು ಕೈಯನ್ನು ಮಗುವಿನ ಬೆನ್ನ ಹಿಂದೆ ಮುಟ್ಟಿಯೂ ಮುಟ್ಟದಂತೆ ಇಟ್ಟಿರುತ್ತಾರೆ. ಸಣ್ಣವರು ನಲ್ಲಿಯ ತನಕ ಹೋಗುವುದೇ ಇಲ್ಲ. ಅವರಿಗಾಗಿ ಜಗಲಿಯೊಳಗೇ ಗೋಣಿಚೀಲ ಹಾಸಿ ಎರಡು ಟಬ್ ಇಟ್ಟಿದ್ದಾರೆ. ಅಡುಗೆಯ ಅಕ್ಕ ಚೊಂಬಿನಲ್ಲಿ ನೀರು ಹೊಯ್ಯುತ್ತಾರೆ, ಮಗು ಕೈ ಉಜ್ಜಿಕೊಳ್ಳುತ್ತದೆ. ಒಂದು ಬುಧವಾರ ಒಂದನೇ ತರಗತಿಯ ಹುಡುಗನೊಬ್ಬ ತಟ್ಟೆಯನ್ನು ಸೂರಿನ ನೀರಿಗೆ ಒಡ್ಡಿ ತೊಳೆಯಲು ಅಂಚಿಗೆ ಓಡಿದ. ಟೀಚರ್ ಕೂಗಲಿಲ್ಲ. ಎರಡು ಹೆಜ್ಜೆ ಇಟ್ಟು ಅವನ ಅಂಗಿಯ ಕಾಲರ್ ಹಿಡಿದು, “ಬಾ ಮಗನೇ, ಇಲ್ಲೇ ಹಿಡಿ, ನಾನೂ ಹಿಡಿಯುತ್ತೇನೆ” ಎಂದು ತಟ್ಟೆಗೆ ತಮ್ಮ ಕೈಯನ್ನೂ ಕೊಟ್ಟರು. ಅವನು ಮನದಣಿಯೆ ತೊಳೆದ. ನನ್ನ ಮಗಳ ಗದ್ದದ ಮೇಲಿನ ಗೆರೆ ನೆನಪಾಗಿ ನಾನು ಅತ್ತ ತಿರುಗಿ ನಿಂತೆ.

ಕೂಗಿದರೂ ಕೇಳುವುದಿಲ್ಲ, ಅದು ಬೇರೆ ಮಾತು. ಜಗಲಿಗೆ ಹೊದಿಸಿದ್ದು ತಗಡಿನ ಶೀಟು. ಮಳೆ ಜೋರಾದರೆ ಪಕ್ಕದಲ್ಲಿ ಕೂತವರ ಮಾತೂ ಕಿವಿಗೆ ಬೀಳದು. ಅದಕ್ಕೆ ಟೀಚರ್ ಸ್ಲೇಟು ಎತ್ತಿ ಹಿಡಿಯುತ್ತಾರೆ. ಕಂಡ ಮಗು ಕೈ ಎತ್ತಬೇಕು, ಅದನ್ನು ಕಂಡ ಇನ್ನೊಂದು ಮಗುವೂ ಎತ್ತಬೇಕು. ಅಷ್ಟೂ ಕೈ ಮೇಲೆ ಹೋದಾಗ ತಲೆ ಎಣಿಸುತ್ತಾರೆ: ನಲಿ-ಕಲಿಯವರು ಇಪ್ಪತ್ತೊಂದು. ಒಂದು ಬಿಡುವಿಗೆ ಮೂರು ಸಲ ಎಣಿಸಿದ್ದನ್ನು ನಾನು ನೋಡಿದ್ದೇನೆ.

ಊಟ ಮುಗಿದು ಗಂಟೆ ಹೊಡೆಯುವವರೆಗೆ ಇಪ್ಪತ್ತು ನಿಮಿಷ ಉಳಿಯುತ್ತದೆ. ಆಟವಾಡಲು ಅಂಗಳವಿಲ್ಲದ ಮಕ್ಕಳಿಗೆ ಸುಮ್ಮನೆ ಕೂರಿ ಎಂದರೆ ಐದು ನಿಮಿಷ ಕೂರುತ್ತಾರೆ, ಆರನೆಯದಕ್ಕೆ ಬೆಂಚು ಹತ್ತುತ್ತಾರೆ. ಈ ಶಾಲೆಯಲ್ಲಿ ಕೈಗೆ ಕೆಲಸ ಕೊಡುತ್ತಾರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದಿರುತ್ತದೆ. ಊರಿನ ಅಜ್ಜಿಯೊಬ್ಬರು ಕೊಟ್ಟ ಚೆನ್ನೆಮಣೆಯೂ ಇದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಎರಡನೇ ತರಗತಿಯ ಮಗಳು ಕೂಡುವ ಲೆಕ್ಕ ಕಲಿತದ್ದು ಪುಸ್ತಕಕ್ಕಿಂತ ಅದರಲ್ಲೇ ಹೆಚ್ಚು. ಒಮ್ಮೆ ಯಾರೋ ಬೇಲಿಯಿಂದ ಗುಲಗಂಜಿ ಆರಿಸಿ ತಂದು ಮಣೆಗೆ ಹಾಕಿದ್ದರು. ಕೆಂಪು ಕಾಯಿ, ತುದಿಗೆ ಕಪ್ಪು ಬೊಟ್ಟು. ಮಕ್ಕಳಿಗೆ ಆಸೆಯಾಗದೆ ಇರುತ್ತದೆಯೇ? ಆದರೆ ಅಗಿದು ನುಂಗಿದರೆ ಅದು ಕಡುವಿಷ. ಟೀಚರ್ ಒಂದೊಂದನ್ನೂ ಎಣಿಸಿ ತೆಗೆದು ಕಾಗದದಲ್ಲಿ ಕಟ್ಟಿ, ಬದಲಿಗೆ ಹುಣಸೆ ಬೀಜ ತುಂಬಿದರು. ಒಂದನೇ ತರಗತಿಯವರಿಗೆ ಅದೂ ಇಲ್ಲ, ಮೂಗಿಗೆ ಹಾಕಿಕೊಳ್ಳುತ್ತಾರೆಂದು ಹಲಸಿನ ಬೀಜ ಕೊಡುತ್ತಾರೆ.

ಇಷ್ಟೆಲ್ಲ ಮೆಚ್ಚಿದರೂ ಐದಕ್ಕೆ ಐದು ಅಂಕ ಕೊಡಲಾರೆ. ಮುಖ್ಯ ಶಿಕ್ಷಕರು ಸಭೆಗೆಂದು ತಾಲ್ಲೂಕು ಕೇಂದ್ರಕ್ಕೆ ಹೋದ ದಿನ ಉಳಿಯುವುದು ಇಬ್ಬರು. ಅವರಲ್ಲೊಬ್ಬರು ಉಂಡ ಮಕ್ಕಳ ಲೆಕ್ಕವನ್ನು ಮೊಬೈಲಿನಲ್ಲಿ ಕಳುಹಿಸಲು ನೆಟ್‌ವರ್ಕ್ ಹುಡುಕುತ್ತಾ ಕಿಟಕಿ ಹತ್ತಿರ ನಿಂತಿರುತ್ತಾರೆ. ಆಗ ಸಣ್ಣವರನ್ನು ನೋಡಿಕೊಳ್ಳುವುದು ಆರು, ಏಳನೇ ತರಗತಿಯ ಹುಡುಗಿಯರು, ಯಾವಾಗಲೂ ಹುಡುಗಿಯರೇ. ಅವರೂ ಮಕ್ಕಳು, ಅವರಿಗೂ ಬಿಡುವು ಬೇಕು. ಹುಡುಗರ ಸರದಿಯನ್ನೂ ಹಾಕಿ ಎಂದು ನಾನು ಎರಡು ಸಭೆಗಳಲ್ಲಿ ಹೇಳಿದ್ದೇನೆ, ಮೂರನೆಯದರಲ್ಲೂ ಹೇಳುತ್ತೇನೆ.

ಅದಕ್ಕಿಂತ ದೊಡ್ಡ ಕೊರತೆ ಶೌಚಾಲಯದ ದಾರಿ. ಕಟ್ಟಡದ ಹಿಂದೆ, ಮೇಲೆ ಸೂರಿಲ್ಲದ ಮಣ್ಣಿನ ದಾರಿ. ಮಳೆಗಾಲದಲ್ಲಿ ಇಂಬಳ (ಜಿಗಣೆ) ಬೇರೆ. ಜಗಲಿಯಲ್ಲಿ ಅಷ್ಟು ಜಾಗರೂಕರಾಗಿ ಎಣಿಸುವ ಟೀಚರಿಗೆ ಆ ಮೂಲೆ ಕಾಣುವುದಿಲ್ಲ. ನೆನೆಯುವ ಭಯಕ್ಕೆ ಮಕ್ಕಳು ಸಂಜೆಯವರೆಗೆ ತಡೆದುಕೊಳ್ಳುತ್ತಾರೆ, ನನ್ನ ಮಗಳೂ ಎರಡು ದಿನ ಹಾಗೆ ಮಾಡಿ ಹೊಟ್ಟೆನೋವು ಎಂದಳು. ಈ ಒಂದಕ್ಕೆ ನಾನು ಒಂದು ಅಂಕ ಕಳೆದು ನಾಲ್ಕು ಕೊಡುತ್ತಿದ್ದೇನೆ.

ಆ ದಾರಿಗೆ ಸೂರು ಹಾಕಲು ಕಳೆದ ವಾರದ ಸಭೆಯಲ್ಲಿ ಕಂಬಕ್ಕೆ ಅಡಿಕೆ ಮರ ಕೊಡಲು ಒಬ್ಬರು ಒಪ್ಪಿದ್ದಾರೆ, ಶೀಟಿನ ಹಣಕ್ಕೆ ಪಾಲಕರೇ ಕೈ ಹಾಕುತ್ತೇವೆ. ಆಶ್ಲೇಷ ಮಳೆ ಒಂದು ದಿನ ಹೊಳವು ಕೊಟ್ಟರೆ ಗುಂಡಿ ತೋಡುತ್ತೇವೆ. ಅಲ್ಲಿಯವರೆಗೆ ಬುಧವಾರಗಳಂದು ಕೊಡೆ ಹಿಡಿದು ಆ ದಾರಿಯಲ್ಲಿ ನಾನು ನಿಂತಿರುತ್ತೇನೆ. ಗುರುವಾರಕ್ಕೆ ಒಬ್ಬರು ಬೇಕು.