‘ಫಸ್ಟ್ ಪ್ರೆಸ್ಸಿಂಗ್’ ಅಂತ ಮೆಟಲ್ ಸಿಡಿ ಮಾರ್ತಿದ್ದಾರೆ, ಡಿಸ್ಕಿನ ಒಳಪಟ್ಟಿ ನೋಡದೆ ದುಡ್ಡು ಹಾಕಬೇಡಿ

ಮೊದಲೇ ಹೇಳಿಬಿಡ್ತೇನೆ. ಹಳೇ ಹೆವಿ ಮೆಟಲ್ ಸಂಗೀತದ ಸಿಡಿ ಕೊಳ್ಳುವಾಗ ಡಬ್ಬಿ, ಬುಕ್‌ಲೆಟ್, ಹಿಂದಿನ ಕಾರ್ಡು, ಇದ್ಯಾವುದೂ ಸಾಕ್ಷಿ ಅಲ್ಲ. ಡಿಸ್ಕ್ ಮಾತ್ರ ಸಾಕ್ಷಿ. ಡಬ್ಬಿ ಬಿಚ್ಚಿ ಕಾರ್ಡ್ ಬದಲಾಯಿಸೋದಕ್ಕೆ ಎರಡು ನಿಮಿಷ ಬೇಡ. ಇದು ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ನಾಲ್ಕು ಜನಕ್ಕೆ ಹೇಳಿಕೊಟ್ಟಿದ್ದೂ ಇದೆ. ಆದರೂ ಐದು ಸಿಡಿಗೆ 11,500 ರೂಪಾಯಿ ಮುಂಗಡ ಕಳಿಸಿ ಕೂತೆ. ಊರಿಗೆಲ್ಲ ಬುದ್ಧಿ ಹೇಳೋನ ಕತೆ ಇದು.

ಮಾರಿದವನು ತೀರ್ಥಹಳ್ಳಿ ಕಡೆಯವನು. ಹೆಸರು ಹಾಕಲ್ಲ. ಪಟ್ಟಿ ಹೀಗಿತ್ತು: ಐರನ್ ಮೇಡನ್‌ನ ‘ದ ನಂಬರ್ ಆಫ್ ದ ಬೀಸ್ಟ್’, ಆಝಿ ಆಸ್ಬೋರ್ನ್‌ನ ‘ಬ್ಲಿಝಾರ್ಡ್ ಆಫ್ ಆಝ್’, ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’, ಮೆಗಾಡೆತ್‌ನ ‘ರಸ್ಟ್ ಇನ್ ಪೀಸ್’, ಜೂಡಾಸ್ ಪ್ರೀಸ್ಟ್‌ನ ‘ಸ್ಕ್ರೀಮಿಂಗ್ ಫಾರ್ ವೆಂಜನ್ಸ್’. ಎಲ್ಲವೂ ಮೊದಲ ಸಿಡಿ ಅಚ್ಚು, ಒಂದೂ ರೀಮಾಸ್ಟರ್, ಅಂದರೆ ಹಳೇ ಟೇಪನ್ನು ಸರಿಮಾಡಿ ಆಮೇಲೆ ತಂದದ್ದು, ಅಲ್ಲ. "ಮಾವ ಜರ್ಮನೀಲಿದ್ರು ಅಣ್ಣಾ, ಎಲ್ಲಾ 88ರ ಒಳಗೆ ತಗೊಂಡಿದ್ದು, ಅಟ್ಟದ ಮೇಲೆ ಹಂಗೇ ಇತ್ತು" ಅಂದ.

ಈ ಮಾತನ್ನು ಇನ್ನೊಮ್ಮೆ ಓದಿ. 88ರ ಒಳಗೆ. ‘ರಸ್ಟ್ ಇನ್ ಪೀಸ್’ ಬಂದಿದ್ದೇ 1990ರಲ್ಲಿ! ಮಾವ ಎರಡು ವರ್ಷ ಮುಂಚೆಯೇ ತಗೊಂಡುಬಿಟ್ಟಿದ್ದರು. ಅವನು ಹೇಳುವಾಗ ನನಗೆ ಹೊಳೀಲೇ ಇಲ್ಲ. ದುಡ್ಡು ಹೋಗಿ ಮೂರು ದಿನ ಆದ ಮೇಲೆ, ರಾತ್ರಿ ಹನ್ನೊಂದೂವರೆಗೆ ಹೊಳೀತು.

ಫೋಟೋ ಕೇಳಲಿಲ್ಲವಾ ಅಂತ ಕೇಳ್ತೀರಿ. ಕೇಳಿದೆ. ಡಿಸ್ಕಿನ ಹೊಳಪು ಮೈಯಲ್ಲಿ, ನಡುವಿನ ತೂತಿನ ಸುತ್ತ, ಹಾಡು ಶುರುವಾಗುವ ಜಾಗಕ್ಕಿಂತ ಒಳಗೆ ಕನ್ನಡಿಯಂಥ ಒಂದು ಪಟ್ಟಿ ಇರುತ್ತಲ್ಲ, ಅದರ ಫೋಟೋ ಬೇಕು ಅಂದೆ. ಒಂದು ಫೋಟೋ ಬಂತು. ಜೂಡಾಸ್ ಪ್ರೀಸ್ಟ್‌ದು. ಚೊಕ್ಕ ಫೋಟೋ, ಸಿಬಿಎಸ್ ಕಂಪನಿ ಕಾಲದ, ‘ಡಿಐಡಿಪಿ’ ಅಂತ ಶುರುವಾಗುವ ಅಚ್ಚಿನ ನಂಬರು ಸ್ಪಷ್ಟ, 94ರ ನಂತರದ ಡಿಸ್ಕಿನಲ್ಲಿ ಬರುವ ಐಎಫ್‌ಪಿಐ ಗುರುತು ಇಲ್ಲ. ಅಪ್ಪಟ. "ಉಳಿದವೂ ಹಂಗೇ ಅಣ್ಣಾ, ಇಲ್ಲಿ ಕರೆಂಟಿಲ್ಲ, ಮಳೆ ನೋಡಿ" ಅಂದ. ಮಲೆನಾಡಲ್ಲಿ ಜುಲೈನಲ್ಲಿ ಕರೆಂಟಿಲ್ಲ ಅಂದರೆ ಯಾರು ತಾನೆ ಅನುಮಾನ ಪಡ್ತಾರೆ? ಉಳಿದ ನಾಲ್ಕಕ್ಕೆ ಮುಚ್ಚಿದ ಡಬ್ಬಿಯ ಹಿಂದು ಮುಂದು ಮಾತ್ರ ಕಳಿಸಿದ. ಹಳದಿಗಟ್ಟಿದ ಕಾರ್ಡು, ಅಂಚಿಗೆ ಬೂಷ್ಟು. ನಾನು ಆ ಬೂಷ್ಟನ್ನೇ ನಂಬಿದೆ. ಬೂಷ್ಟು! ಹೊಸನಗರದ ಕಡೆ ಒಂದೇ ಮಳೆಗಾಲ ಅಟ್ಟದಲ್ಲಿಟ್ಟರೆ ಮೊನ್ನೆ ಅಚ್ಚಾದ ಬುಕ್‌ಲೆಟ್ಟಿಗೂ ಮೂವತ್ತು ವರ್ಷ ವಯಸ್ಸಾಗುತ್ತೆ.

ಪಾರ್ಸೆಲ್ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂತು. ಮೊದಲು ಮೇಡನ್ ತೆಗೆದೆ. ಡಿಸ್ಕಿನ ಮುಖ ನೋಡಿದಾಗಲೇ ಎದೆ ಧಸಕ್ ಅಂತು, ಆದರೂ ಮನಸ್ಸು ಒಪ್ಪಲಿಲ್ಲ. ಬೇರೆ ಯಾವುದೋ ದೇಶದ ಅಚ್ಚಿರಬಹುದು ಅಂದುಕೊಂಡು ಪ್ಲೇಯರಿಗೆ ಹಾಕಿದೆ. ಡಿಸ್‌ಪ್ಲೇಯಲ್ಲಿ 9 ಅಂತ ಬಂತು. ಕೈಯಲ್ಲಿದ್ದ ಹಿಂದಿನ ಕಾರ್ಡಿನಲ್ಲಿ 8 ಹಾಡು. ಪ್ಲೇಯರಿನಲ್ಲಿ 9. ತೆಗೆದು ಮತ್ತೆ ಹಾಕಿದೆ. ಮತ್ತೆ 9.

1982ರ ಆಲ್ಬಂನಲ್ಲಿ ಇರೋದು 8 ಹಾಡು. 1998ರ ರೀಮಾಸ್ಟರಿನಲ್ಲಿ ಕೊನೆಯ ಹಾಡಿಗಿಂತ ಮೊದಲು ‘ಟೋಟಲ್ ಎಕ್ಲಿಪ್ಸ್’ ಸೇರಿಸಿದರು, 9 ಆಯಿತು. ಅಲ್ಲಿಗೆ ಮುಗೀತು, ವಾದಕ್ಕೆ ಜಾಗವೇ ಇಲ್ಲ. ಆ 1998ರ ಡಿಸ್ಕು ಕಂಪ್ಯೂಟರಿಗೆ ಹಾಕಿದರೆ ವಿಡಿಯೊ ಭಾಗವೂ ತೆರೆದುಕೊಳ್ಳುತ್ತೆ. ಇಎಂಐ ಅನ್ನೋ ರೆಕಾರ್ಡ್ ಕಂಪನಿಯ ಹಳೇ ಕಾರ್ಡು, ‘ಸಿಡಿಪಿ 7’ ಅಂತ ಶುರುವಾಗುವ ನಂಬರು, ಒಳಗೆ 98ರ ಡಿಸ್ಕು. ಹುತ್ತ ಒಂದರದ್ದು, ಒಳಗೆ ಕೂತದ್ದು ಇನ್ನೊಂದು.

ಆಮೇಲೆ ಉಳಿದವನ್ನು ನೋಡುವ ಧೈರ್ಯವೇ ಬರಲಿಲ್ಲ, ಆದರೂ ನೋಡಿದೆ.

‘ರಸ್ಟ್ ಇನ್ ಪೀಸ್’ನಲ್ಲಿ 9ರ ಬದಲು 13 ಹಾಡು. 2004ರದ್ದು. ಇದನ್ನು ರೀಮಾಸ್ಟರ್ ಅಂತ ಕರೆಯೋದೇ ತಪ್ಪು. ರೀಮಾಸ್ಟರ್ ಅಂದರೆ ಮುಗಿದ ಸ್ಟೀರಿಯೊ ಟೇಪನ್ನು ಮತ್ತೆ ಡಿಜಿಟಲ್‌ಗೆ ಇಳಿಸಿ ಮಟ್ಟ, ಬಾಸು, ಟ್ರೆಬಲ್ಲು ಸರಿಮಾಡೋದು. 2004ರಲ್ಲಿ ಮೆಗಾಡೆತ್‌ನ ಗಾಯಕ ಮಸ್ಟೇನ್ ಮಾಡಿದ್ದು ರೀಮಿಕ್ಸ್: ಡ್ರಮ್ಸು, ಗಿಟಾರು, ದನಿ ಎಲ್ಲವನ್ನೂ ಬಿಡಿಬಿಡಿ ಟ್ರ್ಯಾಕಿನಿಂದ ಹೊಸದಾಗಿ ಕಲಸಿದ್ದು. ಕೆಲವು ಕಡೆ ಹಳೇ ಗಾಯನದ ಟೇಪು ಸಿಗದೆ ಹೊಸದಾಗಿ ಹಾಡಿ ಸೇರಿಸಿದ್ದಾರೆ. 1990ರ ದನಿಯೇ ಅಲ್ಲ ಅದು.

ಆಝಿದು ಇದಕ್ಕಿಂತ ಹೊಟ್ಟೆ ಉರಿಸುವಂಥದ್ದು. 2002ರ ಡಿಸ್ಕು. ಆ ವರ್ಷದ ‘ಬ್ಲಿಝಾರ್ಡ್’ ಮತ್ತು ‘ಡೈರಿ ಆಫ್ ಎ ಮ್ಯಾಡ್‌ಮ್ಯಾನ್’ ಎರಡರಲ್ಲೂ ಬಾಬ್ ಡೈಸ್ಲಿಯ ಬಾಸು, ಲೀ ಕರ್ಸ್ಲೇಕ್‌ನ ಡ್ರಮ್ಸು ಅಳಿಸಿ, ರಾಬರ್ಟ್ ಟ್ರುಹಿಯೊ ಮತ್ತು ಮೈಕ್ ಬಾರ್ಡಿನ್ ಕೈಲಿ ಹೊಸದಾಗಿ ನುಡಿಸಿ ಹಾಕಿದ್ದಾರೆ. ರ‍್ಯಾಂಡಿ ರೋಡ್ಸ್ ಗಿಟಾರು ಹಾಗೇ ಇದೆ, ಕೆಳಗಿನ ನೆಲ ಬೇರೆ. ಮೂಲದವರನ್ನು ವಾಪಸ್ ತಂದಿದ್ದು 2011ರಲ್ಲಿ. ರೀಮಾಸ್ಟರೇ ಬೇಕು ಅನ್ನುವವರು 1995ರದ್ದೋ 2011ರದ್ದೋ ತಗೊಳ್ಳಿ. 2002ರದ್ದನ್ನು ಬಿಟ್ಟಿ ಕೊಟ್ಟರೂ ಮನೆಗೆ ತರಬೇಡಿ.

‘ಮಾಸ್ಟರ್ ಆಫ್ ಪಪೆಟ್ಸ್’ ವಿಷಯ ಸ್ವಲ್ಪ ಸೂಕ್ಷ್ಮ. ಒಳಪಟ್ಟಿಯ ನಂಬರು ಹಳೆಯದೇ. ಆದರೆ ತೂತಿನ ಹತ್ತಿರದ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣಕ್ಕೆ, ‘ಐಎಫ್‌ಪಿಐ’ ಅಂತ ಉಬ್ಬಿದ ಅಕ್ಷರ, ಪಕ್ಕದಲ್ಲಿ ಒಂದು ಗುರುತು. ಈ ಗುರುತು ಹಾಕೋದು ಶುರುವಾಗಿದ್ದು 1994ರಲ್ಲಿ, ಕಳ್ಳ ಅಚ್ಚುಗಳನ್ನು ಪತ್ತೆ ಹಚ್ಚೋಕೆ. ಇದು ಎರಡು ಕಡೆ ಬರುತ್ತೆ. ಕನ್ನಡಿ ಪಟ್ಟಿಯಲ್ಲಿ ‘ಎಲ್’ ಅಕ್ಷರದಿಂದ ಶುರುವಾದರೆ ಅದು ಗ್ಲಾಸ್ ಮಾಸ್ಟರ್, ಅಂದರೆ ಅಚ್ಚಿಗೆ ಮೂಲವಾದ ಗಾಜಿನ ಪ್ರತಿ, ಮಾಡಿದ ಜಾಗದ ಗುರುತು. ಪಾರದರ್ಶಕ ಭಾಗದಲ್ಲಿದ್ದರೆ ಡಿಸ್ಕ್ ಒತ್ತಿದ ಅಚ್ಚಿನ ಗುರುತು. ಎರಡನೆಯದು ಮಾತ್ರ ಇದ್ದರೆ ಹಳೇ ಮಾಸ್ಟರಿನಿಂದ 94ರ ನಂತರ ಒತ್ತಿದ್ದು ಅಂತ ಅರ್ಥ. ಕೇಳೋಕೆ ಅದು ಹಳೆಯದೇ, ಮಾಹಿತಿ ಅದೇ, ಧ್ವನಿಗೆ ಮೋಸವಿಲ್ಲ. ಮೋಸ ಆಗಿದ್ದು ದುಡ್ಡಿಗೆ. 1986ರಲ್ಲಿ ಮಾವ ತಗೊಂಡ ಡಿಸ್ಕಿನ ಬೆಲೆ ಕೊಟ್ಟಿದ್ದೆ ನಾನು.

ಐದರಲ್ಲಿ ಸರಿಯಾಗಿದ್ದು ಒಂದೇ, ಜೂಡಾಸ್ ಪ್ರೀಸ್ಟ್. 10 ಹಾಡು. 2001ರ ರೀಮಾಸ್ಟರಿನಲ್ಲಾದರೆ 12. ಗಾಳಕ್ಕೆ ನಿಜವಾದ ಹುಳವನ್ನೇ ಹಾಕಬೇಕಲ್ಲ.

ಈಗ ಅವನ ಉತ್ತರಗಳು. ಇವಕ್ಕೇ ನನಗೆ ಸಿಟ್ಟು ಇಳೀತಿಲ್ಲ.

9 ಹಾಡಿದೆ ಮಾರಾಯ್ರೆ ಅಂದರೆ: "ಒಂದು ಹಾಡು ಜಾಸ್ತಿ ಕೊಟ್ಟಿದ್ದಾರೆ, ಲಾಭ ಅಲ್ವಾ ಅಣ್ಣಾ?"

ಐಎಫ್‌ಪಿಐ ಗುರುತಿದೆ ಅಂದರೆ: "ಅದಿದ್ರೇನೇ ಒರಿಜಿನಲ್ ಸರ್." ಅಣ್ಣ ಹೋಗಿ ಸರ್ ಆಯ್ತು, ಗಮನಿಸಿ. ಹೌದು, ಅದು ಕಾರ್ಖಾನೆಯಲ್ಲಿ ಒತ್ತಿದ್ದು ಅನ್ನೋದಕ್ಕೆ ಗುರುತು. 86ರದ್ದು ಅಲ್ಲ ಅನ್ನೋದಕ್ಕೂ ಅದೇ ಗುರುತು.

ಮೆಗಾಡೆತ್ ಕಿವಿಗೆ ಚುಚ್ಚುತ್ತೆ, ಮಟ್ಟ ಎಲ್ಲ ಹೊಡೆದುಹೋಗಿದೆ ಅಂದಾಗ ಕೊಟ್ಟ ಉತ್ತರ ಕೇಳಿ: "ಹಳೇ ಡಿಸ್ಕಲ್ಲಿ ಪ್ರೀ-ಎಂಫಸಿಸ್ ಇರುತ್ತೆ ಸರ್, ನಿಮಗೆ ಗೊತ್ತಿಲ್ಲ ಅನ್ಸುತ್ತೆ." ನನಗೆ! ಅಂದರೆ ಇವನಿಗೆ ವಿಷಯ ಗೊತ್ತು. ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ಪ್ರೀ-ಎಂಫಸಿಸ್ ಅನ್ನೋದು ಕೆಲವು ಹಳೇ ಸಿಡಿಗಳಲ್ಲಿ ಇದೆ, ನಿಜ. ಟ್ರೆಬಲ್ಲನ್ನು ಏರಿಸಿ ದಾಖಲಿಸಿ, ನುಡಿಸುವಾಗ 50/15 ಮೈಕ್ರೊಸೆಕೆಂಡಿನ ಲೆಕ್ಕದಲ್ಲಿ ಇಳಿಸೋದು. ಸಿಡಿ ಪ್ಲೇಯರು ಡಿಸ್ಕಿನಲ್ಲಿರುವ ಗುರುತು ನೋಡಿ ತಾನೇ ಇಳಿಸುತ್ತೆ. ಕಂಪ್ಯೂಟರಿಗೆ ನಕಲು ಮಾಡಿದಾಗ ಮಾತ್ರ ಚುಚ್ಚೋದು. ನಾನು ಕೇಳಿದ್ದು ಪ್ಲೇಯರಿನಲ್ಲಿ. ಮೇಲಾಗಿ ಪ್ರೀ-ಎಂಫಸಿಸ್ಸು ಟ್ರೆಬಲ್ ಏರಿಸುತ್ತೆ, ಅಲೆಗಳ ತಲೆ ಕತ್ತರಿಸಲ್ಲ. ಧ್ವನಿಯ ಅಲೆ ತೋರಿಸುವ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿದರೆ ಈ ಡಿಸ್ಕಿನ ಅಲೆ ಶುರುವಿನಿಂದ ಕೊನೆವರೆಗೆ ಇಟ್ಟಿಗೆ ಇಟ್ಟ ಹಾಗೆ.

ಯಾಕೆ ಹಾಗಾಗುತ್ತೆ ಅಂದರೆ, 16 ಬಿಟ್ ಸಿಡಿಗೆ ಒಂದು ಸೂರು ಇದೆ, ಅದಕ್ಕಿಂತ ಮೇಲೆ ಏನೂ ಹೋಗಲ್ಲ. ಎಂಬತ್ತರ ದಶಕದಲ್ಲಿ ಸೂರಿನ ಕೆಳಗೆ ಒಂದಿಷ್ಟು ಜಾಗ ಬಿಟ್ಟು ಇಳಿಸುತ್ತಿದ್ದರು. ಸ್ನೇರ್ ಡ್ರಮ್ಮಿನ ಒಂದು ಏಟು ಉಳಿದೆಲ್ಲಕ್ಕಿಂತ ಎತ್ತರಕ್ಕೆ ಹಾರಿ ಬೀಳುತ್ತಿತ್ತು. ಆಮೇಲಿನವರು ಲಿಮಿಟರ್ ಹಾಕಿ ಆ ಏಟಿನ ತಲೆ ತುಳಿದು, ಇಡೀ ಹಾಡನ್ನು ಮೇಲಕ್ಕೆ ನೂಕಿದರು. ಜೋರು ಆಯ್ತು, ಸ್ನೇರು ರಟ್ಟಿನ ಡಬ್ಬ ಬಡಿದ ಹಾಗಾಯ್ತು. ಹೋಲಿಸಿ ನೋಡುವವರು ಮೊದಲು ಎರಡರ ಮಟ್ಟವನ್ನೂ ಸಮ ಮಾಡಿ. ಒಂದು ಡೆಸಿಬೆಲ್ ಜೋರಿದ್ದರೂ ಕಿವಿ ಅದೇ ಚೆಂದ ಅಂತ ತೀರ್ಪು ಕೊಡುತ್ತೆ. ಜೋರಿರುವುದನ್ನು ತಗ್ಗಿಸಿ, ತಗ್ಗಿರುವುದನ್ನು ಏರಿಸಬೇಡಿ. ಏರಿಸಿದರೆ ಮತ್ತೆ ಸೂರಿಗೆ ಬಡಿಯುತ್ತೆ.

ರೀಮಾಸ್ಟರ್ ಎಲ್ಲ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಎಲ್‌ಪಿಗೆ ಅಂತ ಬಾಸು ಕತ್ತರಿಸಿದ ಟೇಪನ್ನೇ ಸಿಡಿಗೆ ಇಳಿಸಿದ ಮೊದಲ ಅಚ್ಚುಗಳೂ ಇವೆ, ತೆಳ್ಳಗೆ ನೀರು ಮಜ್ಜಿಗೆ ಥರ. ಇನ್ನು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಪಿಡಿಒ ಕಾರ್ಖಾನೆಯಲ್ಲಿ 1988ರಿಂದ 1993ರವರೆಗೆ ಒತ್ತಿದ ಎಷ್ಟೋ ಡಿಸ್ಕುಗಳು ಅಂಚಿನಿಂದ ಕಂದುಗಟ್ಟಿ ಹಾಳಾಗಿವೆ. ಅಪ್ಪಟ ಹಳೆಯದೇ ಆದರೂ ಓಡಲ್ಲ. ಅದಕ್ಕೇ ಎರಡೂ ಮೈಯ ಫೋಟೋ ಬೇಕು ಅನ್ನೋದು. ನಾನು ಬೈತಿರೋದು ರೀಮಾಸ್ಟರನ್ನಲ್ಲ, ರೀಮಾಸ್ಟರಿಗೆ ಹಳೇ ಅಂಗಿ ತೊಡಿಸಿ ಮಾರೋದನ್ನ.

ಕೇಳಬೇಕಾದ್ದು ಇಷ್ಟು. ಪ್ರತಿ ಡಿಸ್ಕಿಗೂ, ಪ್ರತಿ ಡಿಸ್ಕಿಗೂ ಅಂದೆ, ಒಂದರದ್ದು ನೋಡಿ ಐದಕ್ಕೆ ದುಡ್ಡು ಹಾಕಬೇಡಿ, ಒಳಪಟ್ಟಿಯ ಫೋಟೋ. ಕಪ್ಪು ಬಟ್ಟೆ ಮೇಲೆ ಹೊಳಪು ಮೈ ಮೇಲಾಗಿ ಇಟ್ಟು, ಟ್ಯೂಬ್‌ಲೈಟು ಓರೆಯಾಗಿ ಬೀಳುವ ಹಾಗೆ, ಫ್ಲ್ಯಾಶ್ ಇಲ್ಲದೆ. ಫ್ಲ್ಯಾಶ್ ಹಾಕಿದರೆ ಬರೀ ಬಿಳಿ ಕಾಣುತ್ತೆ. ಪಕ್ಕದಲ್ಲಿ ಅವತ್ತಿನ ತಾರೀಕು ಬರೆದ ಚೀಟಿ. ಮತ್ತೆ ಡಿಸ್ಕ್ ಪ್ಲೇಯರಿಗೆ ಹಾಕಿ ಹಾಡಿನ ಸಂಖ್ಯೆ, ಒಟ್ಟು ನಿಮಿಷ ತೋರಿಸುವ ಡಿಸ್‌ಪ್ಲೇ ಫೋಟೋ. ಇದೊಂದು ಕೇಳಿದ್ದರೆ ಮೂರು ಮೋಸ ಅಲ್ಲೇ ಸಿಕ್ಕಿಬೀಳುತ್ತಿತ್ತು. ಹೊಳಪು ಮೈಯ ಪೂರ್ತಿ ಫೋಟೋ ಇದ್ದರೂ ಸುಳಿವು ಸಿಗುತ್ತೆ: ಸಿಡಿ ಒಳಗಿನಿಂದ ಹೊರಕ್ಕೆ ತುಂಬುತ್ತೆ, ಹಾಡು ಮುಗಿದ ಕಡೆ ಬಣ್ಣ ಬದಲಾಗುತ್ತೆ. 40 ನಿಮಿಷದ ಆಲ್ಬಂ ಅಂಚಿನವರೆಗೆ ತುಂಬಿದ್ದರೆ ಬೋನಸ್ಸೋ ವಿಡಿಯೊವೋ ಸೇರಿದೆ ಅಂತಲೇ. ಹೊಳಪು ಮೈ ಹಸಿರೋ ನೀಲಿಯೋ ಹೊಡೆದರೆ ಅದು ಮನೆಯ ಕಂಪ್ಯೂಟರಿನಲ್ಲಿ ‘ಬರ್ನ್’ ಮಾಡಿದ ನಕಲು, ಮಾತೇ ಬೇಡ. ಡಿಸ್ಕ್ ಕೈಗೆ ಬಂದ ಮೇಲೆ ಸಿಡಿ ನಕಲು ಮಾಡುವ ಎಕ್ಸಾಕ್ಟ್ ಆಡಿಯೋ ಕಾಪಿ ಸಾಫ್ಟ್‌ವೇರಿನಲ್ಲಿ ಪೀಕ್, ಅಂದರೆ ಹಾಡು ಮುಟ್ಟುವ ಅತಿ ಎತ್ತರದ, ಮಟ್ಟ ನೋಡಿ. ಹಳೆಯದರಲ್ಲಿ ಒಂದೊಂದು ಹಾಡಿಗೆ ಒಂದೊಂದು ಅಂಕಿ ಇರೋದು ಸಾಮಾನ್ಯ. ಎಲ್ಲ ಹಾಡೂ ಸಾಲಾಗಿ ಒಂದೇ ಅಂಕಿಗೆ ಬಡಿದಿದ್ದರೆ ಲಿಮಿಟರಿನ ಕೆಲಸ. ಆದರೆ ಅಷ್ಟರಲ್ಲಿ ದುಡ್ಡು ಹೋಗಿರುತ್ತೆ. ಅರವತ್ತು ಕಿಲೋಮೀಟರು ಮಳೆಯಲ್ಲಾದರೂ ಸೈ, ಬಸ್ಸು ಹತ್ತಿ ಹೋಗಿ ನೋಡಿಬನ್ನಿ.

ವಾಪಸ್ ತಗೊಳ್ಳಿ ಅಂದಾಗ "ಡಬ್ಬಿ ಬಿಚ್ಚಿದ ಮೇಲೆ ವಾಪಸ್ ಇಲ್ಲ" ಅಂದ. ಹಳೇ ಸಿಡಿಯ ಡಬ್ಬಿ! ಕೊನೆಗೆ "ನಿಮಗೆ ಕಿವಿ ಜಾಸ್ತಿ ಸೂಕ್ಷ್ಮ" ಅಂತ ಬರೆದು ಬ್ಲಾಕ್ ಮಾಡಿದ.

ಮೊನ್ನೆ ಸಾಗರದ ಗೆಳೆಯರೊಬ್ಬರು ಒಂದು ಫೋಟೋ ಕಳಿಸಿ, ಬ್ಲ್ಯಾಕ್ ಸಬ್ಬತ್‌ದು ನಾಲ್ಕು ಸಿಡಿ ಬಂದಿದೆ, ಎಲ್ಲಾ ಮೊದಲ ಅಚ್ಚಂತೆ, ತಗೊಳ್ಳಬಹುದಾ ಅಂತ ಕೇಳಿದರು. ನೋಡಿದೆ. ಅದೇ ಒಳಪಟ್ಟಿ, ಅದೇ ಡಿಐಡಿಪಿ ನಂಬರು, ತೂತಿನ ಎಡಕ್ಕೆ ಕೊಕ್ಕೆಯ ಹಾಗಿರುವ ಅದೇ ಗೀರು. ಆ ಜೂಡಾಸ್ ಪ್ರೀಸ್ಟ್ ಡಿಸ್ಕು ಈಗ ನನ್ನ ಮೇಜಿನ ಮೇಲಿದೆ. ಗೀರು ಇರೋ ಫೋಟೋ ನಿಮಗೂ ಬಂದರೆ ಉತ್ತರ ಕೊಡೋಕೆ ಹೋಗಬೇಡಿ.