ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಸಿನಾಲಜಿ ಡಿಎಸ್224+: ಬಹುಕಾಲ ಬಳಸಿದವರ ಮಾತು

ಬ್ಯಾಡಗಿ ಎಪಿಎಂಸಿ ಯಾರ್ಡಿನಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಸಿನಾಲಜಿ ಡಿಎಸ್224+ ಅಂದರೆ ಅಂಗಡಿಯ ನೆಟ್‌ವರ್ಕಿಗೆ ಜೋಡಿಸಿ ಕಂಪ್ಯೂಟರಿನ ಫೈಲುಗಳ ಪ್ರತಿ ಇಡುವ, ಎರಡು ಡಿಸ್ಕ್ ಹಿಡಿಸುವ ಪೆಟ್ಟಿಗೆ. ಸೋಮವಾರ, ಗುರುವಾರ ಬಂತೆಂದರೆ ಟೆಂಡರ್, ತೂಕ, ರೈತರ ಪಟ್ಟಿ, ಖರೀದಿದಾರರ ಬಿಲ್ಲು ಎಲ್ಲ ಒಟ್ಟಿಗೇ ನಡೆಯಬೇಕು. ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ. ಜಿಎಸ್‌ಟಿ ಕಾನೂನಿನಂತೆ ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು ದಾಖಲೆ ಕಾಯ್ದಿಡಬೇಕು. ಅದಕ್ಕಿಂತ ದೊಡ್ಡದು ರೈತರ ಬಾಕಿ, ಮುಂಗಡದ ಲೆಕ್ಕ. ಅದು ಹೋದರೆ ಯಾರ ಮುಖ ನೋಡಿ ಮಾತಾಡೋದು?

2024ರ ಮಾರ್ಚ್ 11ರಂದು ಬೆಲೆ ಕುಸಿದು ಜನ ಸಿಟ್ಟಿಗೆದ್ದರು. ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ರೈತರ ಸಂಕಟ ನಮಗೂ ಗೊತ್ತು. ಆದರೆ ಬೆಂಕಿ ಪಕ್ಕಕ್ಕೆ ಬಂದಿದ್ದರೆ ಕಂಪ್ಯೂಟರು, ಅದರ ಪಕ್ಕದ ಪೆನ್‌ಡ್ರೈವ್ ಎರಡೂ ಹೋಗುತ್ತಿದ್ದವು. ಆಮೇಲೆ ಈ ಪೆಟ್ಟಿಗೆ ತಂದೆವು.

ಡಿಸ್ಕ್ ಬೇರೆ ಕೊಳ್ಳಬೇಕು, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಎರಡು ಡಿಸ್ಕ್ ಹಾಕಿ ಒಂದರ ಪ್ರತಿಯನ್ನೇ ಇನ್ನೊಂದರಲ್ಲಿ ಇಡಿಸಿದ್ದೇವೆ. ಒಂದು ಕೆಟ್ಟರೂ ಕೆಲಸ ನಿಲ್ಲಲ್ಲ. ಇದನ್ನೇ ಬ್ಯಾಕಪ್ ಅಂತ ಎಷ್ಟೋ ಅಂಗಡಿಯವರು ನಂಬಿದ್ದಾರೆ, ಅದು ಸರಿಯಲ್ಲ. ಒಂದು ಫೈಲ್ ಅಳಿಸಿದರೆ ಎರಡೂ ಡಿಸ್ಕಿನಿಂದ ಆ ಕ್ಷಣವೇ ಹೋಗುತ್ತದೆ. ವೈರಸ್ ಬಂದರೂ ಅಷ್ಟೇ. ಹಿಂದಿನ ಸ್ಥಿತಿಗೆ ಮರಳಲು ಸ್ನ್ಯಾಪ್‌ಶಾಟ್, ಅಂದರೆ ಆಯಾ ಹೊತ್ತಿನಲ್ಲಿ ಫೈಲುಗಳು ಹೇಗಿದ್ದವೋ ಹಾಗೇ ಹಿಡಿದಿಟ್ಟ ಸ್ಥಿತಿ ಬೇಕು. ಅದಕ್ಕೆ ಮೊದಲ ದಿನ ಡಿಸ್ಕ್ ಸಿದ್ಧ ಮಾಡುವಾಗಲೇ ಬಿಟಿಆರ್‌ಎಫ್‌ಎಸ್ (ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಒಂದು ಪದ್ಧತಿ) ಆರಿಸಿ, ಆಮೇಲೆ ಬದಲಿಸೋದು ತಲೆನೋವು.

ನನಗೆ ಜಾಸ್ತಿ ಹಿಡಿಸಿದ್ದು ಈ ಪೆಟ್ಟಿಗೆಯಲ್ಲಿ ಹಾಕಿಕೊಳ್ಳುವ ಸಿನಾಲಜಿಯದೇ ಸಾಫ್ಟ್‌ವೇರ್, ಆಕ್ಟಿವ್ ಬ್ಯಾಕಪ್ ಫಾರ್ ಬಿಸಿನೆಸ್. ಬೇರೆ ಲೈಸೆನ್ಸ್ ದುಡ್ಡು ಇಲ್ಲ. ರಾತ್ರಿ ಟ್ಯಾಲಿ ಮುಚ್ಚಿದ ಮೇಲೆ ಇಡೀ ಕಂಪ್ಯೂಟರಿನ ಪ್ರತಿ ತೆಗೆಯುತ್ತದೆ. ಮೊದಲ ಸಲ ಪೂರ್ತಿ, ಆಮೇಲೆ ಬದಲಾದ ಭಾಗ ಮಾತ್ರ. ಒಮ್ಮೆ ಸೀಸನ್ ನಡುವೆಯೇ ನಮ್ಮ ಬಿಲ್ಲಿಂಗ್ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಹುಬ್ಬಳ್ಳಿಯಿಂದ ಬೇರೆ ಕಂಪ್ಯೂಟರ್ ತರಿಸಿ, ಮೊದಲೇ ಮಾಡಿಟ್ಟಿದ್ದ ರಿಕವರಿ ಯುಎಸ್‌ಬಿಯಿಂದ (ಪ್ರತಿಯನ್ನು ಕಂಪ್ಯೂಟರಿಗೆ ಮರಳಿ ತುಂಬಿಸುವ ಪೆನ್‌ಡ್ರೈವ್) ಶುರು ಮಾಡಿದೆವು. ವಿಂಡೋಸ್, ಟ್ಯಾಲಿ, ಪ್ರಿಂಟರ್ ಸೆಟ್ಟಿಂಗ್ ಎಲ್ಲ ಹಿಂದಿನ ರಾತ್ರಿ ಇದ್ದಂತೆಯೇ ಬಂದವು. ಮರುದಿನದ ಮಾರ್ಕೆಟ್ಟಿಗೆ ಬಿಲ್ಲು ತಪ್ಪಲಿಲ್ಲ. ಸುಮ್ನೆ ಫೋಲ್ಡರ್ ಕಾಪಿ ಇಟ್ಟವರಿಗೆ ಇದು ಸಾಧ್ಯವಿಲ್ಲ.

ಯಾರ್ಡಿನ ಹೊರಗೂ ಒಂದು ಪ್ರತಿ ಇರಲಿ ಅಂತ ಸಿನಾಲಜಿಯದೇ ಇನ್ನೊಂದು ಸಾಫ್ಟ್‌ವೇರ್ ಹೈಪರ್ ಬ್ಯಾಕಪ್ ಹಾಕಿ, ಇಂಟರ್ನೆಟ್ ಮೂಲಕ ಅಮೆಜಾನ್ ಎಸ್3 ಎಂಬ ಆನ್‌ಲೈನ್ ಸಂಗ್ರಹದ ಮುಂಬೈ ಕೇಂದ್ರಕ್ಕೆ ಕಳಿಸುತ್ತೇವೆ. ನಮ್ಮದು ಪಾಲುದಾರಿಕೆ ಸಂಸ್ಥೆ. ನಿಮ್ಮದು ಕಂಪನಿ ಕಾಯ್ದೆಯಡಿ ನೋಂದಾಯಿಸಿದ್ದಾದರೆ ಲೆಕ್ಕಪುಸ್ತಕದ ಬ್ಯಾಕಪ್ ದಿನವೂ ಭಾರತದೊಳಗಿನ ಸರ್ವರಿನಲ್ಲಿ ಇರಲೇಬೇಕು, 2022ರಿಂದ ಆ ನಿಯಮವಿದೆ. ಮೊದಲ ಅಪ್‌ಲೋಡ್ ಬಹಳ ದಿನ ಎಳೆಯಿತು, ನಮ್ಮ ಇಂಟರ್ನೆಟ್ಟಿನ ಅಪ್‌ಲೋಡ್ ವೇಗವೇ ಅಷ್ಟು. ಹಗಲು ವೇಗ ಕಟ್ಟಿಹಾಕಿ ರಾತ್ರಿ ಬಿಡಿ.

ಯಂತ್ರವನ್ನು ಚೀಲಗಳಿರುವ ಕೋಣೆಯಲ್ಲಿ ಇಡಬೇಡಿ. ಮೆಣಸಿನಕಾಯಿ ಧೂಳು ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ಯುಪಿಎಸ್ ಅನ್ನು ಯುಎಸ್‌ಬಿಯಿಂದ ಜೋಡಿಸಿದರೆ ಕರೆಂಟು ಹೋದಾಗ ತಾನೇ ಕೆಲಸ ನಿಲ್ಲಿಸಿ ಡಿಸ್ಕ್ ಉಳಿಸಿಕೊಳ್ಳುತ್ತದೆ. ಹೈಪರ್ ಬ್ಯಾಕಪ್‌ಗೆ ಎನ್‌ಕ್ರಿಪ್ಷನ್ (ಬೇರೆಯವರು ಓದದಂತೆ ಹಾಕುವ ಬೀಗ) ಹಾಕಿದ್ದರೆ ಪಾಸ್‌ವರ್ಡ್ ಮತ್ತು ಕೀ ಫೈಲನ್ನು ಮನೆಯಲ್ಲೂ ಒಂದು ಕಡೆ ಇಡಿ. ಎರಡೂ ಕಳೆದರೆ ಮುಂಬೈಯ ಪ್ರತಿಯನ್ನು ಯಾರೂ ತೆರೆಯಲಾರರು.