ಸ್ಕೋರ್ ಆ್ಯಪ್ ಹಿಡಿದ ತಪ್ಪು ಒಂದು, ಹಿಡಿಯದೇ ಬಿಟ್ಟಿದ್ದು ಇನ್ನೊಂದು

ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಓವರ್‌ಲಾಕ್ ಮಷೀನ್ ತಗೊಳ್ಳೋಣ ಅಂತ ಈ ವರ್ಷ ಮುದ್ರಾ ಸಾಲಕ್ಕೆ ಅರ್ಜಿ ಹಾಕಿದೆ. ಬ್ಯಾಂಕಿನವರು ಕಂಪ್ಯೂಟರ್ ನೋಡಿ, "ಮೇಡಂ, ನಿಮ್ಮ ಸಿಬಿಲ್‌ನಲ್ಲಿ ಓವರ್‌ಡ್ಯೂ ಬರ್ತಿದೆ. ಮೊದಲು ಅದನ್ನ ಸರಿ ಮಾಡಿಸಿಕೊಂಡು ಬನ್ನಿ" ಅಂದರು. ಸಿಬಿಲ್ ಅಂದರೆ ನಮ್ಮ ಸಾಲ, ಕಂತುಗಳ ಲೆಕ್ಕದ ವರದಿ; ಓವರ್‌ಡ್ಯೂ ಅಂದರೆ ಗಡುವು ದಾಟಿದ ಬಾಕಿ. ನಾನು ಇವತ್ತಿನವರೆಗೆ ಒಂದು ಕಂತೂ ತಪ್ಪಿಸಿದವಳಲ್ಲ. ಅಲ್ಲೇ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದ ಮೇಲೆ ಮಗಳು ನನ್ನ ಫೋನಿಗೆ ಆ ವರದಿಯನ್ನೂ ಸ್ಕೋರನ್ನೂ (ಸಾಲ ತೀರಿಸುವ ರೀತಿಗೆ ಸಿಗುವ ಅಂಕ) ತೋರಿಸುವ ಒಂದು ಆ್ಯಪ್ ಹಾಕಿಕೊಟ್ಟಳು. ಅದರ ಹೆಸರು ಬೇಡ. ಪ್ಯಾನ್ ನಂಬರ್, ಫೋನ್ ನಂಬರ್, ಒಂದು ಓಟಿಪಿ, ಅಷ್ಟೇ. ದುಡ್ಡು ಕೇಳಲಿಲ್ಲ. ನಮ್ಮ ವರದಿಯನ್ನು ನಾವೇ ನೋಡಿದರೆ ಸ್ಕೋರ್ ಇಳಿಯುತ್ತೆ ಅಂತ ನಮ್ಮ ಸಂಘದ ಹೆಂಗಸರು ಹೆದರುತ್ತಾರೆ. ಅದು ಸುಳ್ಳು. ಸಾಲ ಕೊಡುವವರು ಅರ್ಜಿ ಬಂದಾಗ ತೆಗೆದು ನೋಡುವುದಷ್ಟೇ ಲೆಕ್ಕಕ್ಕೆ ಬರುತ್ತದೆ.

ಆ್ಯಪ್ ಮೊದಲು ತೋರಿಸುವುದು ಸ್ಕೋರ್. 300ರಿಂದ 900ರವರೆಗಿನ ಗಡಿಯಾರದಂಥ ಚಿತ್ರ, ನನ್ನ ಮುಳ್ಳು ಕೆಂಪಿನಲ್ಲಿತ್ತು. ಅದನ್ನು ನೋಡುತ್ತಾ ಕೂತರೆ ಸುಮ್ನೆ ಭಯ. ಅದರ ಕೆಳಗೆ ಒಂದೊಂದು ಸಾಲದ ವಿವರ ಇರುತ್ತದೆ, ಅಲ್ಲಿಗೆ ಹೋಗಿ. ಆ್ಯಪ್ ನನ್ನ ಹಳೇ ಸ್ಕೂಟರ್ ಸಾಲದ ಪಕ್ಕ ಕೆಂಪು ಗುರುತು ಹಾಕಿತ್ತು. ತಿಂಗಳ ಚೌಕಗಳಲ್ಲಿ 2022ರ ಮಾರ್ಚ್‌ವರೆಗೂ 000, ಅಂದರೆ ಸರಿಯಾದ ಸಮಯಕ್ಕೆ ಕಟ್ಟಿದ್ದು. ಅಲ್ಲಿಂದ ಮುಂದೆ ತಡವಾದ ದಿನಗಳ ಲೆಕ್ಕ 30, 60, 90 ಅಂತ ಏರುತ್ತಾ ಹೋಗಿತ್ತು. ಬಾಕಿ ₹2,310. ಅದು ನನ್ನ ಕೊನೇ ಕಂತು! ಆ ಫೈನಾನ್ಸ್ ಕಂಪನಿಯ ಆಫೀಸಿಗೇ ಹೋಗಿ ನಗದು ಕಟ್ಟಿದ್ದೆ. ಸಾಲ ತೀರಿದೆ ಅನ್ನುವ ಪತ್ರ, ಅಂದರೆ ಎನ್‌ಒಸಿ, ಅವರೇ ಕೊಟ್ಟಿದ್ದಾರೆ. ಆ ಎನ್‌ಒಸಿ, ಫಾರಂ 35 ಹಿಡಿದು ಆರ್‌ಟಿಓಗೆ ಹೋಗಿ ಆರ್‌ಸಿಯಿಂದ ಫೈನಾನ್ಸಿನವರ ಹೆಸರನ್ನೂ ತೆಗೆಸಿದ್ದೇನೆ. ಕಾಗದದಲ್ಲಿ ಮುಗಿದ ಸಾಲ ಕಂಪ್ಯೂಟರಿನಲ್ಲಿ ಮೂರು ವರ್ಷ ಉಸಿರಾಡುತ್ತಲೇ ಇತ್ತು.

ಇದನ್ನು ಐದು ನಿಮಿಷದಲ್ಲಿ ಹುಡುಕಿಕೊಟ್ಟಿದ್ದಕ್ಕೆ ಆ ಆ್ಯಪ್‌ಗೆ ನಾನು ಋಣಿ. ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ಆದರೆ ನನ್ನ ಹಳೇ ಬಾಡಿಗೆ ಮನೆಯ ವಿಳಾಸವನ್ನೂ ಅದು "ತಪ್ಪು" ಅಂತ ತೋರಿಸಿತು. ಹಳೇ ವಿಳಾಸ ವರದಿಯಲ್ಲಿ ಇದ್ದರೆ ತೊಂದರೆ ಏನೂ ಇಲ್ಲ. ಆಮೇಲೆ, ₹799 ಕಟ್ಟಿದರೆ ನಿಮ್ಮ ಪರವಾಗಿ ನಾವೇ ದೂರು ಕೊಡುತ್ತೇವೆ ಅಂದಿತು. ದಯವಿಟ್ಟು ಕಟ್ಟಬೇಡಿ. ಈ ವರದಿ ತಯಾರಿಸುವ ಸಂಸ್ಥೆ, ಅಂದರೆ ಕ್ರೆಡಿಟ್ ಬ್ಯೂರೋದ ವೆಬ್‌ಸೈಟಿನಲ್ಲಿ ದೂರು ಕೊಡುವುದು ಉಚಿತ. ಇನ್ನೊಂದು ಮಾತು: ಆ್ಯಪ್ ಹಾಕಿದ ಮರುದಿನದಿಂದಲೇ ಸಾಲ ಬೇಕಾ ಅಂತ ಫೋನ್ ಮೇಲೆ ಫೋನ್. ಅನುಮತಿ ಕೇಳುವ ಚೌಕಗಳಿಗೆಲ್ಲ ಟಿಕ್ ಹಾಕಿದ್ದೆವು, ನೀವು ಓದಿ ಹಾಕಿ.

ಆ್ಯಪ್ ತೋರಿಸಿದ್ದು ಒಂದೇ ಬ್ಯೂರೋದ ವರದಿ. ನಾವು ಎಲ್ಲಕ್ಕೂ ಸಿಬಿಲ್ ಅಂತೀವಿ, ಆದರೆ ನಮ್ಮ ದೇಶದಲ್ಲಿ ಇಂಥವು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಒಂದು ಭಾನುವಾರ ಕೂತು ನಾಲ್ಕನ್ನೂ ತೆಗೆದೆವು. ಒಂದರಲ್ಲಿ ಎದೆ ಧಸಕ್ ಅಂತು. ನಾನು ಯಾವತ್ತೂ ತಗೊಳ್ಳದ ಮೈಕ್ರೋಫೈನಾನ್ಸ್ ಗುಂಪು ಸಾಲ, ಇನ್ನೂ ತೀರಬೇಕಾದದ್ದು ₹42,000, ನನ್ನ ಹೆಸರಲ್ಲಿ!

ಕಾರಣ ಹೆಸರೇ ಇರಬೇಕು ಅನ್ನಿಸುತ್ತದೆ. ನನ್ನ ವೋಟರ್ ಐಡಿಯಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್ ಮಾತ್ರ ಇದೆ. ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಪೂರ್ತಿ ಬಂದಿದೆ. ಆಧಾರ್‌ನಲ್ಲಿ ಇನಿಷಿಯಲ್ ಹಿಂದಕ್ಕೆ ಹೋಗಿದೆ. ನಮ್ಮ ಕಡೆ ಒಂದೇ ಹೆಸರು, ಒಂದೇ ಇನಿಷಿಯಲ್ ಇರುವವರು ಓಣಿಗೊಬ್ಬರು ಸಿಗುತ್ತಾರೆ ಅಲ್ವಾ? ಆ ಸಾಲದ ಕೆಳಗಿದ್ದ ಊರೂ ನನ್ನದಲ್ಲ.

ದೂರು ಕೊಡುವ ಫಾರಂ ಕಷ್ಟವೇನಿಲ್ಲ. ವರದಿಯ ಮೇಲಿರುವ ನಂಬರ್ ಇಟ್ಟುಕೊಂಡು, ಆ ಸಾಲ ಆರಿಸಿ, ತಪ್ಪು ಯಾವ ಥರದ್ದು ಅಂತ ಹೇಳಬೇಕು. ಇಲ್ಲಿ ಎಚ್ಚರ ಬೇಕು. ಸ್ಕೂಟರ್ ಸಾಲ ನನ್ನದೇ, ಬಾಕಿ ತಪ್ಪು. ಗುಂಪು ಸಾಲ ನನ್ನದೇ ಅಲ್ಲ. ಎರಡಕ್ಕೂ ಬೇರೆ ಬೇರೆ ಆಯ್ಕೆ ಇದೆ. ಬ್ಯೂರೋ ತಾನಾಗಿ ಏನನ್ನೂ ತಿದ್ದುವುದಿಲ್ಲ, ಸಾಲ ಕೊಟ್ಟವರನ್ನು ಕೇಳಿಯೇ ತಿದ್ದುತ್ತದೆ. ಫಾರಂನಲ್ಲಿ ಕಾಗದ ಸೇರಿಸಲು ಜಾಗ ಇರಲಿಲ್ಲ. ಹಾಗಾಗಿ ಎನ್‌ಒಸಿ, ಕೊನೇ ರಸೀದಿ, ಆರ್‌ಸಿ ಮೂರರ ಫೋಟೋ ತೆಗೆದು ಅದೇ ದಿನ ಫೈನಾನ್ಸ್ ಕಂಪನಿಯ ದೂರು ವಿಭಾಗಕ್ಕೂ ಮೇಲ್ ಮಾಡಿದೆವು. ಕೆಲಸ ಆಗಿದ್ದು ಆ ಮೇಲ್‌ನಿಂದ ಅಂತಲೇ ನನ್ನ ನಂಬಿಕೆ.

ದಿನಾಂಕ ಬರೆದಿಟ್ಟುಕೊಳ್ಳಿ. ದೂರು 30 ದಿನದೊಳಗೆ ಇತ್ಯರ್ಥ ಆಗಬೇಕು, ಅದರಲ್ಲಿ ಸಾಲ ಕೊಟ್ಟವರಿಗೆ 21 ದಿನ. ಮೀರಿದರೆ ದಿನಕ್ಕೆ ₹100 ಪರಿಹಾರ ನಮಗೆ ಕೊಡಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಇದೆ. ಅಲ್ಲೂ ಆಗದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅಂದರೆ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ಬರೆಯಬಹುದು. ಆ್ಯಪ್ ಇದನ್ನು ಎಲ್ಲೂ ಹೇಳಲಿಲ್ಲ. ಇದಕ್ಕೇ ನಾನು ಐದರಲ್ಲಿ ಮೂರು ಸ್ಟಾರ್ ಮಾತ್ರ ಕೊಡುವುದು.

ಸ್ಕೂಟರ್ ಸಾಲ 24ನೇ ದಿನ ಸರಿಹೋಯಿತು. ಬಾಕಿ ಸೊನ್ನೆ, "ಕ್ಲೋಸ್ಡ್" ಅಂತ ಬಂದಿದೆ. ಅದನ್ನು ಪ್ರಿಂಟ್ ಹಾಕಿಸಿ ಬ್ಯಾಂಕಿಗೆ ಕೊಟ್ಟು ಬಂದಿದ್ದೇನೆ.

ಗುಂಪು ಸಾಲದ ದೂರಿಗೆ ಇವತ್ತು 19ನೇ ದಿನ. "ಅಮ್ಮ, ಅದರ ಕಂತೆಲ್ಲ ಸರಿಯಾಗಿ ಕಟ್ಟಿದ್ದಾರೆ, ಇದ್ದರೆ ನಿನಗೇ ಒಳ್ಳೇದು, ಬಿಡು" ಅಂದಳು ಮಗಳು. ಬಿಡಲು ಮನಸ್ಸಾಗಲಿಲ್ಲ. ಎಲ್ಲೋ ನನ್ನದೇ ಹೆಸರಿನ ಒಬ್ಬಳು ವಾರವಾರ ಕಷ್ಟಪಟ್ಟು ಕಟ್ಟುತ್ತಿದ್ದಾಳೆ. ಆ ಲೆಕ್ಕ ಅವಳ ವರದಿಯಲ್ಲಿ ಇರಬೇಕು.